ಮನೆಪಾಠಕ್ಕೂ ಅಪ್ಪಣೆ ಚೀಟಿ

ಸಂಜೆಯ ವೇಳೆ. ಸಿಂಧನೂರಿನ ಓಣಿಯೊಂದರಲ್ಲಿ, ಬತ್ತದ ಚೀಲಗಳನ್ನು ಹೇರಿಕೊಂಡು ಗಂಜಿಗೆ ಹೋದ ಟ್ರ್ಯಾಕ್ಟರುಗಳ ಧೂಳು ಇನ್ನೂ ಅಡಗಿಲ್ಲ. ಪಡಸಾಲೆಯ ಚಾಪೆಯ ಮೇಲೆ ಏಳೆಂಟು ಮಕ್ಕಳು ಪುಸ್ತಕ ಬಿಚ್ಚಿಕೊಂಡು ಕುಳಿತಿದ್ದಾರೆ. ಕಂಬಕ್ಕೊರಗಿ ಕುಳಿತ ನಿವೃತ್ತ ಮಾಸ್ತರರೊಬ್ಬರು ಒಬ್ಬನ ಕಾಗುಣಿತ ತಿದ್ದುತ್ತಾರೆ. ಮತ್ತೊಬ್ಬಳಿಗೆ ಇಂಗ್ಲಿಷಿನ ಕ್ರಿಯಾಪದಗಳನ್ನು ಬಿಡಿಸಿ ಹೇಳುತ್ತಾರೆ. ತಿಂಗಳ ಕೊನೆಗೆ ಕೆಲವರು ಹಣ ಕೊಡುತ್ತಾರೆ, ಕೆಲವರ ಮನೆಯಿಂದ ಅಕ್ಕಿ ಬರುತ್ತದೆ, ಕೆಲವರಿಂದ ಬರುವುದು ನಮಸ್ಕಾರ ಮಾತ್ರ. ನಿವೃತ್ತರಾದಂದಿನಿಂದ ನಡೆದು ಬಂದಿರುವ ಈ ಪಾಠಕ್ಕೆ, “ನಿಮಗೆ ಅಪ್ಪಣೆ ಉಂಟೆ?” ಎಂದು ಇದುವರೆಗೆ ಯಾರೂ ಕೇಳಿಲ್ಲ.

ಇಂಥ ಮನೆಯೊಂದನ್ನು ವಾಚಕರು ಕಲ್ಪಿಸಿಕೊಳ್ಳಲಿ; ಆ ಸೀಮೆಯಲ್ಲಿ ಇಂಥ ಮನೆಗಳು ವಿರಳವಲ್ಲ. ಆ ಮಾಸ್ತರರ ಮಗಳು ಬಿ.ಎ., ಬಿ.ಎಡ್. ಮುಗಿಸಿ, ಮದುವೆಯಾಗಿ, ಗಂಡನೊಡನೆ ದುಬೈಯಲ್ಲಿದ್ದಾಳೆಂದೂ ಇಟ್ಟುಕೊಳ್ಳೋಣ. ಗಂಡ ಕಚೇರಿಗೆ ಹೋದ ಮೇಲೆ ಅವಳಿಗೆ ಹೊತ್ತು ಹೋಗುವುದಿಲ್ಲ. ಅದೇ ಕಟ್ಟಡದ ಎರಡು ಮನೆಯವರು ತಮ್ಮ ಮಕ್ಕಳಿಗೆ ಇಂಗ್ಲಿಷು ಹೇಳಿಕೊಡಬೇಕೆಂದು ಕೇಳಿದ್ದಾರೆ. ಕೈತುಂಬ ಸಂಬಳವನ್ನೂ ಕೊಡುವುದಾಗಿ ಹೇಳಿದ್ದಾರೆ. ಅವಳು ಫೋನಿನಲ್ಲಿ ತಂದೆಯನ್ನು ವಿಚಾರಿಸುತ್ತಾಳೆ.

“ಅದ್ರಾಗ ಕೇಳೂದೇನದ ಯವ್ವಾ?” ಎನ್ನುತ್ತಾರೆ ಮಾಸ್ತರರು. “ಪಾಠ ಹೇಳೂದು ಪುಣ್ಯದ ಕೆಲಸ. ನಾಳಿಂದನ ಶುರು ಮಾಡು.”

ಅಳಿಯ ಮಾತ್ರ ಹಿಂದೆಗೆಯುತ್ತಾನೆ. “ಹಂಗಲ್ಲ ಮಾವಾ, ಇಲ್ಲಿ ಕಾಯ್ದೆ ಬ್ಯಾರೆ ಅದ. ಅಪ್ಪಣಿ ಇಲ್ಲದ ಒಂದು ಅಕ್ಷರ ಹೇಳಿಕೊಟ್ರೂ ನಮ್ಮ ಮ್ಯಾಲೆ ಬರ್ತದ.”

ಅಕ್ಷರ ಕಲಿಸುವುದಕ್ಕೂ ಸರ್ಕಾರದ ಅಪ್ಪಣೆಯೇ ಎಂದು ಮಾಸ್ತರರು ನಗುತ್ತಾರೆ. ಆದರೆ ಅಳಿಯನ ಮಾತು ನಿಜ. ಮಾವನ ಮಾತೂ ಸುಳ್ಳಲ್ಲ. ಪಾಠ ಹೇಳುವ ಪುಣ್ಯವೇ ಬೇರೆ, ಪರದೇಶದಲ್ಲಿ ನೆಲೆಸುವ ಹಕ್ಕೇ ಬೇರೆ; ಇವೆರಡನ್ನು ಒಂದೆಂದು ತಿಳಿದವರು ಏಷ್ಯದ ಹಲವು ದೇಶಗಳಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಸಿಂಧನೂರಿನವರಿಗೆ ಈ ಮಾತು ವಿಚಿತ್ರವಾಗಿ ತೋರುವುದು ಸಹಜ. ಹೊಸಬರಿಗೆ ನುಡಿ ಕಲಿಸುವುದರಲ್ಲಿ ಆ ಊರಿಗೆ ಇರುವಷ್ಟು ಅನುಭವ ಹೆಚ್ಚಿನ ಊರುಗಳಿಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ನೆಲೆಸಿ, ಅವರ ವಸತಿಗಳು ‘ಕ್ಯಾಂಪು’ಗಳೆಂದು ಹೆಸರಾದವು. ಅಂದಿನ ಪೂರ್ವ ಪಾಕಿಸ್ತಾನದಿಂದ ಎಲ್ಲವನ್ನೂ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೂ ಈ ತಾಲ್ಲೂಕಿನಲ್ಲೇ ಪುನರ್ವಸತಿ ದೊರೆಯಿತು. ಈ ಹೊಸಬರಿಗೆ ಕನ್ನಡವನ್ನು ಮೊದಲು ಕಲಿಸಿದವರು ಸಂತೆಯ ಕಾಯಿಪಲ್ಯದವರು, ಕಿರಾಣಿ ಅಂಗಡಿಯ ಸಾಹುಕಾರರು, ಬಸ್ಸಿನ ಕಂಡಕ್ಟರರು. ಶುಲ್ಕವಿಲ್ಲ, ಪರೀಕ್ಷೆಯಿಲ್ಲ, ಚೀಟಿಯಿಲ್ಲ. ಮುಂದೆ ಅವರ ಮಕ್ಕಳು ಶಾಲೆಯಲ್ಲಿ ಕನ್ನಡವನ್ನೂ ಮನೆಯಲ್ಲಿ ಬಂಗಾಳಿಯನ್ನೂ ಆಡುತ್ತ ಬೆಳೆದರು.

ಆದರೆ ಅದೇ ಬಂಗಾಳಿ ಕ್ಯಾಂಪುಗಳ ಕಥೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಭಾಷೆ ಕೆಲವೇ ವರ್ಷಗಳಲ್ಲಿ ಬಂತು, ಕಾಗದ ಬರಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯಿದೆಯ ನಿಯಮಗಳು 2024ರಲ್ಲಿ ಪ್ರಕಟವಾದ ನಂತರವೇ ಅಲ್ಲಿಯ ಕೆಲವರ ಕೈಗೆ ಪೌರತ್ವದ ಪ್ರಮಾಣಪತ್ರ ಬಂದದ್ದು. ಊರು ಒಬ್ಬನನ್ನು ತನ್ನವನೆಂದು ಒಪ್ಪಿಕೊಳ್ಳುವುದೂ ಸರ್ಕಾರ ಒಪ್ಪಿಕೊಳ್ಳುವುದೂ ಒಂದೇ ಅಲ್ಲ. ಪರದೇಶದಲ್ಲಿರುವ ಮಾಸ್ತರರ ಮಗಳ ಸಮಸ್ಯೆಯ ಬೇರು ಇಲ್ಲಿಯೇ ಇದೆ. ನೆರೆಮನೆಯವರು ಅವಳನ್ನು ‘ಟೀಚರ್’ ಎಂದು ಕರೆದರೆ ಸಾಲದು. ಆ ರಾಜ್ಯ ಹಾಗೆಂದು ಕರೆಯಬೇಕು.

* * *

ಪರಭಾಷೆಯ ಪಾಠಕ್ಕೂ ರಾಜ್ಯಾಧಿಕಾರಕ್ಕೂ ಇರುವ ನಂಟು ಇಂದಿನದಲ್ಲ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲೇ ಅದರ ಗುರುತುಗಳಿವೆ.

ನಡುವೆ ಸಿಕ್ಕುವ ಮಸ್ಕಿಯಲ್ಲಿ, 1915ರಲ್ಲಿ, ಚಿನ್ನದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಬಂಡೆಯ ಮೇಲಿನ ಬರಹವೊಂದು ಬಿತ್ತು. ‘ದೇವಾನಾಂಪ್ರಿಯ’ನೆಂಬ ಬಿರುದಿನೊಡನೆ ಅಶೋಕನ ಹೆಸರೂ ಸ್ಪಷ್ಟವಾಗಿರುವ ಶಾಸನವೆಂದು ಅದು ಲೋಕಪ್ರಸಿದ್ಧವಾಯಿತು. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇದೇ ಕಾಲದ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ ಶಾಸನದಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯನ್ನು ಸೂಚಿಸುವ ಮಾತನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ದೂರದ ಸೀಮೆಯ ಅಕ್ಷರ ಬಲ್ಲವನು ರಾಜಾಜ್ಞೆಯ ರಕ್ಷೆಯಲ್ಲಿ ಇಲ್ಲಿಯವರೆಗೆ ಬಂದಿದ್ದ. ಬಂಡೆಯ ಮೇಲಿನ ಪರಭಾಷೆಯನ್ನು ಊರವರಿಗೆ ಅವರ ಮಾತಿನಲ್ಲಿ ಬಿಡಿಸಿ ಹೇಳಿದವನೂ ಒಬ್ಬನಿದ್ದಿರಲೇಬೇಕು. ಅವನ ಹೆಸರನ್ನು ಯಾವ ಕಲ್ಲೂ ಉಳಿಸಿಲ್ಲ.

ಮುಂದೆ ಲಿಂಗಸುಗೂರು. ಅದು ಹೈದರಾಬಾದು ಕಂಟಿಂಜೆಂಟಿನ ಸೈನ್ಯ ಬೀಡುಬಿಟ್ಟಿದ್ದ ಸ್ಥಳ. ಊರಿನ ಒಂದು ಭಾಗಕ್ಕೆ ಛಾವಣಿ ಎಂಬ ಹೆಸರು ಹಾಗೆ ಬಂತು. 1853ರಲ್ಲಿ ರಾಯಚೂರು ದೋಆಬು ನಿಜಾಮರಿಂದ ಇಂಗ್ಲಿಷರ ವಶಕ್ಕೆ ಹೋಗಿ, 1860ರಲ್ಲಿ ಮರಳಿ ಬಂತು. ಲಿಂಗಸುಗೂರು 1905ರವರೆಗೆ ಜಿಲ್ಲೆಯ ಕೇಂದ್ರವೂ ಆಗಿತ್ತು. ಇದೇ ಸೀಮೆಯ ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿದ ಮೆಡೋಸ್ ಟೇಲರ್ 1824ರಲ್ಲಿ ಹುಡುಗನಾಗಿ ಬೊಂಬಾಯಿಗೆ ಬಂದು, ನಿಜಾಮರ ಸೈನ್ಯ ಸೇರಿ, ಹಿಂದೂಸ್ತಾನಿಯನ್ನು ಚೆನ್ನಾಗಿ ಕಲಿತವನು. ಜನರೊಡನೆ ನೇರವಾಗಿ ಮಾತನಾಡಬಲ್ಲವನಾದ್ದರಿಂದಲೇ ಅವನ ಕೈಯಿಂದ ಅಷ್ಟು ಕೆಲಸವಾಯಿತು.

ಅಂದಿನ ಏರ್ಪಾಡು ಇಂದಿನದರ ತಲೆಕೆಳಗು. ಅಂದು ವಿದೇಶಿ ಶಿಷ್ಯ, ಸ್ವದೇಶಿ ಗುರು. ಛಾವಣಿಗಳ ಬಂಗಲೆಗಳಿಗೆ ಮುಂಜಾನೆ ಮುನ್ಷಿಯೋ ಪಂಡಿತನೋ ಬರುತ್ತಿದ್ದ. ಸಾಹೇಬನು ಕವಾಯತು ಮುಗಿಸಿ ಬಂದು ಅಕ್ಷರ ತೀಡುತ್ತಿದ್ದ. ನೋಡಲು ಇದು ಅಪ್ಪಟ ಖಾಸಗಿ ಮನೆಪಾಠ. ಆದರೆ ಅದರ ಹಿಂದೆ ಸರ್ಕಾರದ ಲೆಕ್ಕಾಚಾರವಿತ್ತು. ದೇಶಭಾಷೆಗಳಲ್ಲಿ ಪರೀಕ್ಷೆ ಕೊಡದವರಿಗೆ 1801ರ ಜನವರಿಯಿಂದ ಕೆಲವು ಹುದ್ದೆಗಳು ಸಿಕ್ಕಲಾರವೆಂದು ಗವರ್ನರ್-ಜನರಲ್ ವೆಲ್ಲೆಸ್ಲಿ ಮೊದಲೇ ಸಾರಿದ್ದ. ಕಲ್ಕತ್ತೆಯಲ್ಲಿ 1800ರಲ್ಲಿ ಫೋರ್ಟ್ ವಿಲಿಯಂ ಕಾಲೇಜೂ, ಮದರಾಸಿನಲ್ಲಿ 1812ರಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜೂ ಹುಟ್ಟಿದವು. ಪಾಸಾದ ಸೈನ್ಯಾಧಿಕಾರಿಗೆ ಮುನ್ಷಿಯ ಖರ್ಚಿಗೆಂದು ಭತ್ಯ ದೊರೆಯುತ್ತಿತ್ತು. ಹೀಗೆ ಪಾಠ ಮನೆಯಲ್ಲಿ, ಪರೀಕ್ಷೆ ಸರ್ಕಾರದಲ್ಲಿ, ಬಡ್ತಿ ಸಾಹೇಬನಿಗೆ.

ಮುನ್ಷಿಗೆ ಉಳಿದದ್ದೇನು? ತಿಂಗಳ ಸಂಬಳ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ, ಮೆಕೆರೆಲ್ಲನದು 1820ರಲ್ಲಿ ಅಚ್ಚಾದವು. ಬಳ್ಳಾರಿಯ ಪಾದ್ರಿ ರೀವನ ನಿಘಂಟುಗಳು 1824 ಮತ್ತು 1832ರಲ್ಲಿ ಹೊರಬಂದವು. ಮಂಗಳೂರಿನಿಂದ 1894ರಲ್ಲಿ ಹೊರಟ ಕಿಟ್ಟೆಲ್ಲರ ಮಹಾನಿಘಂಟನ್ನು ಕನ್ನಡಿಗರು ಎಂದಿಗೂ ಮರೆಯರು. ಈ ಒಬ್ಬೊಬ್ಬರ ಬೆನ್ನ ಹಿಂದೆಯೂ ಹಗಲಿರುಳು ಶಬ್ದಾರ್ಥ ಹೇಳಿದ ದೇಶೀಯ ಪಂಡಿತರಿದ್ದರು. ಮುಖಪುಟಗಳ ಮೇಲೆ ಮೆರೆದ ಹೆಸರು ಶಿಷ್ಯರದು.

ಇದೇ ಊರುಗಳ ಹಿರಿಯರಿಗೆ ಇನ್ನೊಂದು ಬಗೆಯ ನಿಯಮದ ಬಿಸಿಯೂ ತಟ್ಟಿತ್ತು. ನಿಜಾಮರ ಆಳ್ವಿಕೆಯಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಖಾಸಗಿಯಾಗಿ ಶಾಲೆ ತೆರೆಯಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕೆಂಬ ಕಟ್ಟಳೆ 1920ರ ದಶಕದಲ್ಲಿ ಬಿಗಿಯಾಯಿತು. ಆ ಸಂಸ್ಥಾನದಲ್ಲಿ ಕನ್ನಡ, ತೆಲುಗು, ಮರಾಠಿ ಮಕ್ಕಳಿಗೆ ತಾಯ್ನುಡಿಯಲ್ಲಿ ಪಾಠ ಹೇಳುವುದೂ ಅಪ್ಪಣೆಯ ವಿಷಯವಾಯಿತು. ಕಲಬುರ್ಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಇಂಥ ಕಾಲದಲ್ಲಿ ದೀಪ ಹಿಡಿದ ಸಂಸ್ಥೆಗಳು. ಹೊರದೇಶಕ್ಕೆ ಹೋಗಿ ಬೇರೆ ಭಾಷೆ ಕಲಿಸುವುದಿರಲಿ, ತಮ್ಮ ಊರಿನಲ್ಲಿ ತಮ್ಮ ಭಾಷೆಯನ್ನು ಕಲಿಸಲಿಕ್ಕೂ ಚೀಟಿ ಕೇಳಿದ ಕಾಲವನ್ನು ಕಂಡವರ ಮೊಮ್ಮಕ್ಕಳು ಇಂದು ದುಬೈಯಲ್ಲೂ ಸಿಂಗಪುರದಲ್ಲೂ ಇದ್ದಾರೆ.

* * *

ರಾಜ್ಯಗಳು ಭಾಷೆಯ ಪಾಠವನ್ನು ಕಂಡು ಏಕೆ ಅಂಜುತ್ತವೆ? ಭಾಷೆ ಬಂದವನಿಗೆ ದುಭಾಷಿಯ ಹಂಗಿಲ್ಲ. ಅವನು ಸಂತೆಯ ಬೆಲೆಯನ್ನೂ ಕಚೇರಿಯ ಗುಟ್ಟನ್ನೂ ತಾನೇ ತಿಳಿಯುತ್ತಾನೆ. ಈ ಅಂಜಿಕೆ ಚೀನದಲ್ಲಿ ಕಡುಕ್ರೂರ ರೂಪ ತಾಳಿತ್ತು. ವಿದೇಶಿ ವರ್ತಕರಿಗೆ ಚೀನೀ ಭಾಷೆ ಕಲಿಸುವುದು ಅಲ್ಲಿ ಅಪರಾಧ. ಜೇಮ್ಸ್ ಫ್ಲಿಂಟ್ ಎಂಬ ಇಂಗ್ಲಿಷ್ ವರ್ತಕ ಚೀನೀ ಭಾಷೆಯಲ್ಲೇ ಬಿನ್ನವತ್ತಳೆ ಬರೆಸಿ ಚಕ್ರವರ್ತಿಯ ಆಸ್ಥಾನದವರೆಗೆ ಮುಟ್ಟಿಸಿದ. 1759ರ ಈ ಪ್ರಕರಣದಲ್ಲಿ ಫ್ಲಿಂಟನಿಗೆ ಸೆರೆವಾಸ ಮತ್ತು ಗಡಿಪಾರು. ಅವನಿಗೆ ನೆರವಾದ ಚೀನೀ ಗುರುವಿಗೆ ಮರಣದಂಡನೆ. 1807ರಲ್ಲಿ ಕ್ಯಾಂಟನ್ ನಗರಕ್ಕೆ ಬಂದ ಪಾದ್ರಿ ರಾಬರ್ಟ್ ಮಾರಿಸನ್ನನಿಗೆ ಗುಟ್ಟಾಗಿ ಪಾಠ ಹೇಳುತ್ತಿದ್ದವರಲ್ಲಿ ಒಬ್ಬನು, ಸಿಕ್ಕಿಬಿದ್ದರೆ ಕುಡಿಯಲೆಂದು ವಿಷವನ್ನು ಜೊತೆಯಲ್ಲೇ ಇಟ್ಟುಕೊಂಡಿರುತ್ತಿದ್ದನೆಂದು ಹೇಳುತ್ತಾರೆ. ಕೊನೆಗೆ 1844ರಲ್ಲಿ ಅಮೆರಿಕ ಚೀನದೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಚೀನೀ ವಿದ್ವಾಂಸರನ್ನು ಭಾಷೆ ಕಲಿಯಲು ನೇಮಿಸಿಕೊಳ್ಳಬಹುದೆಂಬ ಷರತ್ತನ್ನೇ ಬೇರೆಯಾಗಿ ಬರೆಯಿಸಿಕೊಳ್ಳಬೇಕಾಯಿತು.

ಜಪಾನಿನ ಕಥೆ ಇಷ್ಟು ಕಠೋರವಲ್ಲ, ಆದರೆ ಸೋಜಿಗದ್ದು. ವಿದೇಶಿಯರಿಗೆ ಬಾಗಿಲು ಮುಚ್ಚಿದ್ದ ಆ ದೇಶಕ್ಕೆ 1848ರಲ್ಲಿ ರಾನಲ್ಡ್ ಮೆಕ್‌ಡೊನಾಲ್ಡ್ ಎಂಬ ತರುಣ ಒಬ್ಬಂಟಿಯಾಗಿ ದೋಣಿಯಲ್ಲಿ ಹೋಗಿ ಇಳಿದ. ಅವನನ್ನು ಹಿಡಿದು ನಾಗಾಸಾಕಿಯಲ್ಲಿ ಸೆರೆಯಲ್ಲಿಟ್ಟರು. ಸೆರೆಯಲ್ಲಿಟ್ಟವರೇ ತಮ್ಮ 14 ಮಂದಿ ದುಭಾಷಿಗಳನ್ನು ಅವನ ಬಳಿಗೆ ಕಳುಹಿಸಿ ಇಂಗ್ಲಿಷು ಕಲಿಸಿಕೊಂಡರು! ದೇಶದೊಳಗೆ ಕಾಲಿಟ್ಟದ್ದು ಅಪರಾಧ. ಪಾಠ ಮಾತ್ರ ಬೇಕು. ಇಂದಿನ ವೀಸಾ ನಿಯಮಗಳನ್ನು ಓದುವಾಗ ಈ ಸೆರೆಮನೆಯ ಶಾಲೆ ನೆನಪಾಗದೆ ಇರದು.

* * *

ಇನ್ನು ಇಂದಿನ ಸಂಗತಿ. ಈಗ ಗುರುವಿನ ತಲೆ ಹೋಗುವುದಿಲ್ಲ. ಹೋಗುವುದು ವಾಸದ ಹಕ್ಕು, ಕೂಡಿಟ್ಟ ಹಣ, ಒಮ್ಮೊಮ್ಮೆ ಗಂಡನ ನೌಕರಿ. ಕಟ್ಟಳೆಗಳು ದೇಶದಿಂದ ದೇಶಕ್ಕೆ ಬೇರೆಯಾದರೂ ಅವೆಲ್ಲವೂ ಕೇಳುವ ಪ್ರಶ್ನೆ ಒಂದೇ: ನೀನು ಯಾವ ಕೆಲಸಕ್ಕೆಂದು ಒಳಗೆ ಬಂದೆ?

ದಕ್ಷಿಣ ಕೊರಿಯದಲ್ಲಿ ಭಾಷೆ ಕಲಿಸಲು ಬರುವ ವಿದೇಶಿಯರಿಗೆ ‘ಇ-2’ ಎಂಬ ವೀಸಾ ಕೊಡುತ್ತಾರೆ. ಆ ವೀಸಾ ಒಂದು ಶಾಲೆಗೋ, ‘ಹಾಗ್‌ವೊನ್’ ಎಂದು ಕರೆಯುವ ಪಾಠಶಾಲೆಗೋ ಕಟ್ಟಿಹಾಕಿದ್ದು. ಸಂಜೆಯ ಹೊತ್ತು ಇನ್ನೊಬ್ಬರ ಮನೆಗೆ ಹೋಗಿ ಪಾಠ ಹೇಳಿ ಹಣ ತೆಗೆದುಕೊಂಡರೆ ಅದು ನಿಯಮಭಂಗ. ಕೊರಿಯದವರನ್ನು ಮದುವೆಯಾದವರು, ಶಾಶ್ವತ ನಿವಾಸಿಗಳು ಮೊದಲಾದವರು ಮಾತ್ರ ಸ್ಥಳೀಯ ಶಿಕ್ಷಣ ಕಚೇರಿಯಲ್ಲಿ ಹೆಸರು ದಾಖಲಿಸಿ ಮನೆಪಾಠ ಹೇಳಬಹುದು. ಈ ಬಿಗಿ ವಿದೇಶಿಯರ ಮೇಲಿನ ಹಗೆಯಿಂದ ಹುಟ್ಟಿದ್ದೆಂದು ತಿಳಿಯಬಾರದು. 1980ರಲ್ಲಿ ಅಲ್ಲಿಯ ಸೈನಿಕ ಸರ್ಕಾರ ತನ್ನ ಪ್ರಜೆಗಳಿಗೂ ಖಾಸಗಿ ಪಾಠವನ್ನು ನಿಷೇಧಿಸಿತ್ತು. ಹಣವುಳ್ಳವರ ಮಕ್ಕಳೇ ಮನೆಪಾಠದ ಬಲದಿಂದ ಮುಂದೆ ಹೋಗುತ್ತಾರೆಂಬುದು ಅದಕ್ಕೆ ಕೊಟ್ಟ ಕಾರಣ. ಕಾಲಕ್ರಮೇಣ ಸಡಿಲವಾದ ಆ ನಿಷೇಧವನ್ನು 2000ದಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ರದ್ದುಮಾಡಿತು.

ಜಪಾನಿನಲ್ಲಿ ಪ್ರತಿಯೊಬ್ಬ ವಿದೇಶಿಗೂ ಒಂದು ‘ವಾಸದ ದರ್ಜೆ’ ಉಂಟು. ಆ ದರ್ಜೆಯಲ್ಲಿ ಹೇಳದ ಸಂಪಾದನೆಗೆ ಬೇರೆ ಅನುಮತಿ ಬೇಕು. ವಿದ್ಯಾರ್ಥಿಗಳಿಗೂ, ನೌಕರಿಯಲ್ಲಿರುವವರ ಹೆಂಡತಿ ಅಥವಾ ಗಂಡನಿಗೂ ಈ ಅನುಮತಿ ಸಾಮಾನ್ಯವಾಗಿ ವಾರಕ್ಕೆ 28 ಗಂಟೆಗಳ ಮಿತಿಯೊಡನೆ ದೊರೆಯುತ್ತದೆ. ಅರ್ಜಿ ಹಾಕಿ ಕೇಳಿದವರಿಗೆ ದಾರಿಯುಂಟು. ಕೇಳದೆ ದುಡಿದವರಿಗೆ ವೀಸಾ ನವೀಕರಣದ ದಿನ ಉತ್ತರ ಹೇಳುವುದು ಕಷ್ಟ.

ತೈವಾನಿನಲ್ಲಿ ಅನುಮತಿಯಿಲ್ಲದೆ ದುಡಿದ ವಿದೇಶಿಗೆ 30,000ದಿಂದ 1,50,000 ತೈವಾನ್ ಡಾಲರುಗಳವರೆಗೆ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಚೀನದಲ್ಲಿ 2013ರಿಂದ ಜಾರಿಯಲ್ಲಿರುವ ಕಾಯಿದೆಯಂತೆ ದಂಡ 5,000ದಿಂದ 20,000 ಯುವಾನ್; ಪ್ರಕರಣ ಗಂಭೀರವಾದರೆ 5ರಿಂದ 15 ದಿನಗಳ ಬಂಧನವೂ ಉಂಟು. ಅದೂ ಸಾಲದೆ, 2021ರ ಜುಲೈಯಲ್ಲಿ ಚೀನ ಶಾಲಾಮಕ್ಕಳ ಖಾಸಗಿ ಪಾಠದ ವ್ಯಾಪಾರಕ್ಕೇ ಕಡಿವಾಣ ಹಾಕಿ, ಹೊರದೇಶದಲ್ಲಿ ಕುಳಿತ ಶಿಕ್ಷಕರಿಂದ ಪಾಠ ಹೇಳಿಸುವುದನ್ನೂ ನಿಷೇಧಿಸಿತು. ಸಾವಿರಾರು ಮೈಲಿ ದೂರದಿಂದ ಕಂಪ್ಯೂಟರಿನ ಮುಂದೆ ಕುಳಿತು ಚೀನೀ ಮಕ್ಕಳಿಗೆ ಇಂಗ್ಲಿಷು ಕಲಿಸುತ್ತಿದ್ದವರ ಜೀವನೋಪಾಯ ಹಠಾತ್ತನೆ ನಿಂತಿತು.

ಸಿಂಗಪುರದಲ್ಲಿ ಅವಲಂಬಿತರ ಪಾಸಿನ ಮೇಲೆ ಗಂಡನೊಡನೆ ಹೋದ ಹೆಂಡತಿಗೆ ಮೊದಲು ನೌಕರಿ ಹಿಡಿಯುವುದು ಇಂದಿಗಿಂತ ಸುಲಭವಾಗಿತ್ತು. 2021ರ ಮೇ 1ರಿಂದ ಅವಳು ದುಡಿಯಬೇಕಾದರೆ ತನ್ನದೇ ಆದ ಕೆಲಸದ ಪಾಸು ಪಡೆಯಬೇಕು. ಭಾರತೀಯ ನುಡಿಗಳ ವಿಚಾರದಲ್ಲಿ ಅಲ್ಲಿಯ ಶಾಲಾ ಪದ್ಧತಿ ತಮಿಳನ್ನಲ್ಲದೆ ಬಂಗಾಳಿ, ಗುಜರಾತಿ, ಹಿಂದಿ, ಪಂಜಾಬಿ, ಉರ್ದುಗಳನ್ನೂ ಒಪ್ಪುತ್ತದೆ. ಕನ್ನಡಕ್ಕೆ ಆ ಸ್ಥಾನವಿಲ್ಲ. ಆದ್ದರಿಂದ ಅಲ್ಲಿಯ ಕನ್ನಡ ಮನೆಗಳಲ್ಲಿ ಕನ್ನಡ ಕಲಿಯುವುದು ತಾಯಿತಂದೆಯರ ಹಟದಿಂದಲೇ. ತಾಯಿ ತನ್ನ ಮಗುವಿಗೆ ಅ, ಆ ಹೇಳಿಕೊಡುವುದಕ್ಕೆ ಮಾತ್ರ ಯಾವ ಪಾಸೂ ಬೇಡವೆಂಬುದು ಸಮಾಧಾನದ ವಿಷಯ.

ಈಗ ಮಾಸ್ತರರ ಮಗಳಿರುವ ಸಂಯುಕ್ತ ಅರಬ್ ಸಂಸ್ಥಾನಗಳನ್ನು ನೋಡೋಣ. ಅಲ್ಲಿ ಹಣ ಪಡೆದು ಮನೆಪಾಠ ಹೇಳುವುದು ಬಹುಕಾಲ ಕಾನೂನಿಗೆ ವಿರುದ್ಧವಾಗಿತ್ತು. ಆದರೂ ಪಾಠ ನಿಂತಿರಲಿಲ್ಲ, ಕದ್ದುಮುಚ್ಚಿ ನಡೆಯುತ್ತಿತ್ತು. ಬಾಗಿಲು ತಟ್ಟಿದ ಸದ್ದಿಗೆ ಗುರುವೂ ಶಿಷ್ಯನೂ ಬೆಚ್ಚುವ ಪಾಠದಲ್ಲಿ ವಿದ್ಯೆ ಎಷ್ಟು ತಾನೆ ಹತ್ತೀತು? ಇದನ್ನು ಕಂಡ ಸರ್ಕಾರ 2023ರ ಡಿಸೆಂಬರಿನಲ್ಲಿ ‘ಖಾಸಗಿ ಶಿಕ್ಷಕರ ಪರವಾನಗಿ’ಯನ್ನು ಜಾರಿಗೆ ತಂದಿತು. ಶಾಲೆಗಳ ಶಿಕ್ಷಕರಷ್ಟೇ ಅಲ್ಲ, ನೌಕರಿಯಿಲ್ಲದವರು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, 15ರಿಂದ 18 ವರ್ಷದ ಶಾಲಾ ವಿದ್ಯಾರ್ಥಿಗಳು ಸಹ ಅರ್ಜಿ ಹಾಕಬಹುದು. ಪರವಾನಗಿಗೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಶಿಷ್ಯರೊಡನೆ ಹೇಗೆ ನಡೆದುಕೊಳ್ಳಬೇಕೆಂಬ ಆಚಾರಸಂಹಿತೆಗೆ ಸಹಿ ಹಾಕಬೇಕು. ಅಲ್ಲಿಗೆ ಅಳಿಯನ ಭಯಕ್ಕೂ ಆಧಾರವಿದೆ, ಮಾವನ ಆಸೆಗೂ ದಾರಿಯಿದೆ.

* * *

ಪರದೇಶಗಳ ಕಟ್ಟಳೆಯನ್ನು ಓದಿ ಹುಬ್ಬೇರಿಸುವವರು ಭಾರತದ ಕಟ್ಟಳೆಯನ್ನೂ ಒಮ್ಮೆ ನೋಡುವುದು ಒಳ್ಳೆಯದು. ಪ್ರವಾಸಿ ವೀಸಾದ ಮೇಲೆ ಬಂದ ವಿದೇಶಿಯು ಆರು ತಿಂಗಳು ಮೀರದ, ಪ್ರಮಾಣಪತ್ರವಿಲ್ಲದ ಪಾಠಗಳಲ್ಲಿ ಇಲ್ಲಿಯ ಭಾಷೆ, ಸಂಗೀತ, ನೃತ್ಯ, ಅಡಿಗೆಗಳನ್ನು ಕಲಿಯಬಹುದು. ಮಸ್ಕಿಯ ಶಾಸನ ನೋಡಲು ಬಂದ ಪ್ರವಾಸಿ ಒಂದು ತಿಂಗಳು ಅಲ್ಲಿಯೇ ಉಳಿದು ಮಾಸ್ತರರೊಬ್ಬರಿಂದ ಕನ್ನಡ ಕಲಿತರೆ ತಪ್ಪಿಲ್ಲ. ಆದರೆ ಅದೇ ಪ್ರವಾಸಿ ಊರ ಮಕ್ಕಳಿಗೆ ತನ್ನ ಭಾಷೆ ಕಲಿಸಿ ಹಣ ಪಡೆದರೆ ತಪ್ಪು. ಅದಕ್ಕೆ ಉದ್ಯೋಗ ವೀಸಾ ಬೇಕು. ಉದ್ಯೋಗ ವೀಸಾಕ್ಕೆ ದೊಡ್ಡ ಸಂಬಳದ ಮಿತಿಯೊಂದನ್ನು ಇಟ್ಟಿರುವ ಸರ್ಕಾರ ಭಾಷಾಶಿಕ್ಷಕರಿಗೆ ಆ ಮಿತಿಯಿಂದ ವಿನಾಯಿತಿ ಕೊಟ್ಟಿದೆ. ಇಂಗ್ಲಿಷ್ ಶಿಕ್ಷಕರಿಗೆ ಮಾತ್ರ ವಿನಾಯಿತಿ ಇಲ್ಲ! ಜರ್ಮನ್, ಜಪಾನಿ ಕಲಿಸಲು ಹೊರಗಿನವರು ಬೇಕು. ಇಂಗ್ಲಿಷಿಗೆ ಇಲ್ಲಿಯವರೇ ಸಾಕೆಂಬ ಈ ವಿಶ್ವಾಸ ಮೆಚ್ಚತಕ್ಕದ್ದೇ.

ಮನೆಪಾಠಕ್ಕೆ ಕಟ್ಟು ಹಾಕುವುದರಲ್ಲಿ ಭಾರತವೂ ಹಿಂದೆ ಬಿದ್ದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು, ಶಾಲೆಯ ಶಿಕ್ಷಕರು ಖಾಸಗಿ ಪಾಠದಲ್ಲಿ ತೊಡಗಬಾರದೆಂದು ಹೇಳುತ್ತದೆ. ತರಗತಿಯಲ್ಲಿ ಹೇಳಬೇಕಾದದ್ದನ್ನು ಪಡಸಾಲೆಗೆ ಉಳಿಸಿಕೊಳ್ಳಬಾರದೆಂಬುದು ಅದರ ಆಶಯ. ಸಿಂಧನೂರಿನ ಮಾಸ್ತರರು ನಿವೃತ್ತರಾದ ಮೇಲಷ್ಟೇ ಚಾಪೆ ಹಾಸಿದ್ದು ಅವರಿಗೆ ಶೋಭೆ ತರುವ ಸಂಗತಿ.

ಹಾಗಾದರೆ ಹೊರನಾಡಿಗೆ ಹೊರಟ ಮಗಳಿಗೋ ಸೊಸೆಗೋ ಹೇಳಿ ಕಳುಹಿಸಬೇಕಾದ ಬುದ್ಧಿಮಾತು ಯಾವುದು? ಮೊದಲನೆಯದು, ಪಾಠಕ್ಕೆ ಮುಂಚೆ ಪ್ರಶ್ನೆ. ತನ್ನ ವೀಸಾ ಯಾವುದು, ಅದರಲ್ಲಿ ಸಂಪಾದನೆಗೆ ಅವಕಾಶವುಂಟೆ ಎಂಬುದನ್ನು ಆ ದೇಶದ ಕಚೇರಿಯಿಂದಲೇ ತಿಳಿಯಬೇಕು. “ಎಲ್ಲರೂ ಮಾಡುತ್ತಾರೆ” ಎಂಬ ನೆರೆಯವರ ಅಭಯ ಆಪತ್ತಿನ ದಿನ ಸಾಕ್ಷಿಗೆ ಬರುವುದಿಲ್ಲ. ಎರಡನೆಯದು, ಹಣದ ಬದಲು ಸೀರೆಯನ್ನೋ ಉಡುಗೊರೆಯನ್ನೋ ಪಡೆದರೆ ಅದು ಸಂಪಾದನೆಯಲ್ಲವೆಂದು ತಿಳಿಯಬಾರದು. ಶುಲ್ಕವಿಲ್ಲದೆ ಕಲಿಸಿದ ಮಾತ್ರಕ್ಕೆ ಎಲ್ಲ ದೇಶಗಳಲ್ಲೂ ವಿನಾಯಿತಿ ಉಂಟೆಂದೂ ನಂಬಕೂಡದು. ಮೂರನೆಯದು, ಒಂಟಿಯಾಗಿ ಮಾಡಲಾಗದ್ದನ್ನು ಹಲವರು ಸೇರಿ ಮಾಡಬಹುದು. ದುಬೈಯ ಕನ್ನಡಿಗರು 2014ರಿಂದ ಶುಲ್ಕವಿಲ್ಲದ ಕನ್ನಡ ಪಾಠಶಾಲೆಯನ್ನು ನಡೆಸಿಕೊಂಡು ಬಂದಿದ್ದಾರೆ. ವಾರದ ರಜೆಯನ್ನು ಮಕ್ಕಳ ಅಕ್ಷರಾಭ್ಯಾಸಕ್ಕೆ ಮುಡಿಪಿಟ್ಟ ತಾಯಂದಿರೇ ಅಲ್ಲಿ ಗುರುಗಳು.

ಇನ್ನೊಂದು ದಾರಿಯನ್ನು ಕಾಲವೇ ತೆರೆದಿದೆ. ಲಿಂಗಸುಗೂರಿನ ಮನೆಯಲ್ಲಿ ಕುಳಿತು ಟೋಕಿಯೋದ ಕನ್ನಡ ಮಗುವಿಗೆ ಫೋನಿನ ಪರದೆಯ ಮೇಲೆ ವರ್ಣಮಾಲೆ ಕಲಿಸುವುದು ಇಂದು ಕಷ್ಟವಲ್ಲ. ಕಲಿಸುವವರು ಸ್ವದೇಶದಲ್ಲೇ ಇರುವುದರಿಂದ ಜಪಾನಿನ ವೀಸಾದ ತೊಡಕಿಲ್ಲ; ಬಂದ ಹಣವನ್ನು ಭಾರತದ ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸಿದರಾಯಿತು. ಒಂದು ಕಾಲದಲ್ಲಿ ಮುನ್ಷಿಗಳು ಸಾಹೇಬರ ಬಂಗಲೆಯ ಜಗಲಿ ಹತ್ತಿ ಹೋಗಿ ಕಾಯಬೇಕಾಗಿತ್ತು. ಇಂದು ಆ ಛಾವಣಿಯ ಊರಿನ ಹೆಣ್ಣುಮಗಳು ಸ್ವಂತ ಮನೆಯಲ್ಲಿ, ಸ್ವಂತ ಹೆಸರಿನಲ್ಲಿ, ತಾನು ಹೇಳಿದ ವೇಳೆಗೆ ಪಾಠ ಹೇಳಬಹುದು.

ಚೀಟಿ ಕೇಳುವುದು ಅವಮಾನವೆಂದು ಕೆಲವರು ಭಾವಿಸುತ್ತಾರೆ. ಕದ್ದು ಕಲಿಸುವುದಕ್ಕಿಂತ ಅದು ಮೇಲು. ಪರವಾನಗಿ ಇಲ್ಲದ ಗುರುವಿಗೆ ಶಿಷ್ಯನ ಮನೆಯವರು ಸಂಬಳ ಕೊಡದೆ ಹೋದರೆ ದೂರು ಹೇಳಲು ಸ್ಥಳವಿಲ್ಲ. ಮಾತು ಮುರಿದವರು, ಮುನಿದವರು ಯಾರು ಬೇಕಾದರೂ ಅವಳನ್ನು ಹೆದರಿಸಬಹುದು. ಚೀಟಿಯಿದ್ದರೆ ಅವಳು ತಲೆಯೆತ್ತಿ ಬಾಗಿಲು ತೆರೆದಿಟ್ಟು ಪಾಠ ಹೇಳುತ್ತಾಳೆ. ಕಾಗದ ಗುರುವನ್ನು ದೊಡ್ಡವನನ್ನಾಗಿ ಮಾಡುವುದಿಲ್ಲ, ನಿಜ. ಗುರುವಿನ ಮಾನವನ್ನು ಅದು ಕಾಯಬಲ್ಲದು.

ಸಿಂಧನೂರಿನ ಪಡಸಾಲೆಯಲ್ಲಿ ಇಷ್ಟನ್ನೆಲ್ಲ ಕೇಳಿಸಿಕೊಂಡ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ತಮ್ಮ ತಂದೆಯ ಕಾಲದಲ್ಲಿ ಕನ್ನಡದ ಶಾಲೆಗೇ ಅಪ್ಪಣೆ ಬೇಕಾಗಿದ್ದ ಸಂಗತಿ ಅವರಿಗೆ ನೆನಪಾಗುತ್ತದೆ. ಮಗಳಿಗೆ ತಾವೇ ಫೋನು ಮಾಡುತ್ತಾರೆ.

“ಯವ್ವಾ, ಅಳಿಯ ಹೇಳಿದ್ದು ಖರೇ ಅದ. ಮೊದಲ ಅರ್ಜಿ ಹಾಕು. ಚೀಟಿ ಬರೂತನ ತಡಿ. ಪಾಠ ಎಲ್ಲೂ ಓಡಿ ಹೋಗೂದಿಲ್ಲ.”

ಚಾಪೆಯ ಮೇಲಿನ ಹುಡುಗನೊಬ್ಬ ತಲೆಯೆತ್ತಿ, “ನಮಗೂ ಚೀಟಿ ಬೇಕೇನ್ರಿ ಸರ?” ಎನ್ನುತ್ತಾನೆ.

“ನಿನಗ ಬ್ಯಾಡಪ್ಪ,” ಎನ್ನುತ್ತಾರೆ ಮಾಸ್ತರರು. “ನಿನಗ ಕಾಗುಣಿತ ಬಂದ್ರ ಸಾಕು.”